ಯಂತ್ರ ಸುಳ್ಳಾಡದು, ಮಾದರಿ ಆಡೀತು

ಈಚೆಗೆ ನಮ್ಮ ಸಂಘದ ವಲಯ ಸಭೆಗಳಲ್ಲಿ ಒಂದು ಬೇಡಿಕೆ ಪದೇ ಪದೇ ಕೇಳಿಬರುತ್ತಿದೆ. ಮಣ್ಣು ಮತ್ತು ಎಲೆಗಳ ಪರೀಕ್ಷೆಗೆ ಸಂಘವೇ ಒಂದು ಪ್ರಯೋಗಾಲಯ ತೆರೆಯಬೇಕು, ಅದರಲ್ಲಿ ದೊಡ್ಡ ಊರುಗಳ ಪ್ರಯೋಗಾಲಯಗಳಲ್ಲಿರುವಂತೆ ಮೈಕ್ರೋವೇವ್ ಯಂತ್ರವನ್ನೂ ಇರಿಸಬೇಕು ಎಂಬುದು ಆ ಬೇಡಿಕೆ. ಬೇಡಿಕೆಯ ಹಿಂದಿರುವ ಕಾಳಜಿ ಸಾಧುವಾದುದೇ. ಗೊಬ್ಬರದ ಬೆಲೆ ಏರಿರುವ ಈ ದಿನಗಳಲ್ಲಿ ಕಣ್ಣಳತೆಯಿಂದ ಗೊಬ್ಬರ ಸುರಿಯುವುದು ಎರಡು ಮೂರು ಎಕರೆಯ ಬೆಳೆಗಾರನಿಗೆ ಕಟ್ಟುವ ಬಾಬತ್ತಲ್ಲ. ಆದರೆ ಸಂಘದ ಹಣ ಯಾವುದಕ್ಕೆ ಮೊದಲು ವಿನಿಯೋಗವಾಗಬೇಕೆಂಬ ವಿಷಯದಲ್ಲಿ ನನ್ನ ಅಭಿಪ್ರಾಯ ಬೇರೆ. ಅದನ್ನು ಸದಸ್ಯ ಬಾಂಧವರ ಮುಂದಿಡುವ ಮೊದಲು ನನ್ನದೇ ತೋಟದ ಕಥೆಯೊಂದನ್ನು ಹೇಳಿಬಿಡುತ್ತೇನೆ.

ಏಳೆಂಟು ವರ್ಷಗಳ ಹಿಂದೆ ನನ್ನ ಕಾಫಿ ತೋಟದ ಎಲೆಗಳನ್ನು ಮೊದಲ ಬಾರಿಗೆ ಪರೀಕ್ಷೆಗೆ ಕಳಿಸಿದೆ. ಶುದ್ಧವಾಗಿರಲಿ ಎಂಬ ಉತ್ಸಾಹದಿಂದ ಎಲೆಗಳನ್ನು ರಾತ್ರಿಯಿಡೀ ಹಳೆಯ ಕಬ್ಬಿಣದ ಬಕೆಟ್ಟಿನ ನೀರಿನಲ್ಲಿ ನೆನೆಹಾಕಿದೆ. ಬೆಳಿಗ್ಗೆ ಕೊಟ್ಟಿಗೆಯ ಮಾಡಿಗೆ ಹೊದಿಸಿ ಉಳಿದಿದ್ದ ಜಿಂಕ್ ಶೀಟಿನ ಮೇಲೆ ಹರಡಿ ಒಣಗಿಸಿ, ಪೊಟ್ಟಣ ಕಟ್ಟಿ ಕಳಿಸಿದೆ. ವರದಿ ಅಚ್ಚುಕಟ್ಟಾಗಿ ಬಂತು. ಮೈಕ್ರೋವೇವ್ ವಿಧಾನದಲ್ಲಿ ಕರಗಿಸಿ ಪರೀಕ್ಷಿಸಿದ್ದೆಂದು ಅದರಲ್ಲೇ ಮುದ್ರಿತವಾಗಿತ್ತು. ಸತು ಬೇಕಾದುದಕ್ಕಿಂತ ಎಷ್ಟೋ ಪಾಲು ಹೆಚ್ಚಿದೆ, ಪೊಟ್ಯಾಷ್ ಕೊರತೆಯಿದೆ ಎಂದು ವರದಿ ಹೇಳಿತು. ಅಷ್ಟು ದೊಡ್ಡ ಯಂತ್ರ ಹೇಳಿದ ಮೇಲೆ ಎದುರಾಡಲು ನಾನಾರು? ಸತುವಿನ ಸಲ್ಫೇಟ್ ಸಿಂಪಡಣೆಯನ್ನು ಎರಡು ವರ್ಷ ನಿಲ್ಲಿಸಿದೆ. ಪೊಟ್ಯಾಷ್ ಚೀಲಗಳನ್ನು ಹೆಚ್ಚಾಗಿ ಹೊರಿಸಿದೆ.

ಮೂರನೆಯ ವರ್ಷ ಚಿಗುರೆಲೆಗಳು ಸಣ್ಣಗೆ, ಕಿರಿದಾಗಿ ಪಟ್ಟಿಯಂತೆ ಬಂದವು. ಗೆಣ್ಣುಗಳ ನಡುವಣ ಅಂತರ ಕುಗ್ಗಿತು. ಇದು ಸತುವಿನ ಕೊರತೆಯ ಲಕ್ಷಣವೆಂದು ಕಾಫಿ ಬೆಳೆಯುವ ಯಾರಾದರೂ ಹೇಳಬಲ್ಲರು. ಬೆಳೆಯೂ ಇಳಿಯಿತು. ವರದಿಯನ್ನು ಹಿಡಿದುಕೊಂಡು ಪ್ರಯೋಗಾಲಯಕ್ಕೇ ಹೋದೆ. ಅಲ್ಲಿದ್ದ ಹುಡುಗಿ ಸಮಾಧಾನದಿಂದ ಎಲ್ಲವನ್ನೂ ಕೇಳಿ, ಎಲೆಯನ್ನು ಹೇಗೆ ತೊಳೆದಿರಿ, ಎಲ್ಲಿ ಒಣಗಿಸಿದಿರಿ ಎಂದು ವಿಚಾರಿಸಿದಳು. ಆಮೇಲೆ ಹೇಳಿದಳು: "ಸಾರ್, ಜಿಂಕ್ ಶೀಟಿನ ಹೆಸರಿನಲ್ಲೇ ಜಿಂಕ್ ಇದೆಯಲ್ಲ. ನೀವು ಕಳಿಸಿದ ಎಲೆಯಲ್ಲಿ ಸತು ಇದ್ದದ್ದು ನಿಜ. ನಿಮ್ಮ ಗಿಡದಲ್ಲಿ ಇತ್ತೋ ಇಲ್ಲವೋ, ಅದನ್ನು ನಮ್ಮ ಯಂತ್ರ ಹೇಗೆ ಹೇಳೀತು?"

ಬಕೆಟ್ಟಿಗೂ ಶೀಟಿಗೂ ಇದ್ದ ಸತುವಿನ ಲೇಪ ಎಲೆಗೆ ಹತ್ತಿತ್ತು. ರಾತ್ರಿಯಿಡೀ ನೆನೆದ ಎಲೆಯಿಂದ ಪೊಟ್ಯಾಷ್ ನೀರಿಗಿಳಿದು ಹೋಗಿತ್ತು. ಇಲ್ಲದ ಸತು ಇದೆಯೆಂದೂ ಇದ್ದ ಪೊಟ್ಯಾಷ್ ಇಲ್ಲವೆಂದೂ ವರದಿ ಬರುವಂತೆ ಮಾಡಿದವನು ನಾನೇ. ಮಾಡಿದ್ದುಣ್ಣೋ ಮಹಾರಾಯ ಎಂಬಂತಾಯಿತು.

ಕರಗಿಸುವ ಕೆಲಸ

ಪ್ರಯೋಗಾಲಯದೊಳಗೆ ನಮ್ಮ ಎಲೆಗೆ ಏನಾಗುತ್ತದೆಂಬುದನ್ನು ಪ್ರತಿಯೊಬ್ಬ ಬೆಳೆಗಾರನೂ ಸ್ಥೂಲವಾಗಿಯಾದರೂ ತಿಳಿದಿರಬೇಕು. ತಾಮ್ರ, ಸತು, ಮ್ಯಾಂಗನೀಸ್, ಬೋರಾನ್ ಮೊದಲಾದವನ್ನು ಅಳೆಯುವ ಯಂತ್ರಗಳಲ್ಲಿ ಹೆಚ್ಚಿನವು ಘನಪದಾರ್ಥವನ್ನು ನೇರವಾಗಿ ತೆಗೆದುಕೊಳ್ಳಲಾರವು. ಅವಕ್ಕೆ ತಿಳಿಯಾದ ದ್ರಾವಣ ಬೇಕು. ಒಣಗಿದ ಎಲೆಯ ಪುಡಿಯನ್ನು ಆಮ್ಲದಲ್ಲಿ ಕಾಯಿಸಿ, ಅದರ ಜೀವದ್ರವ್ಯವನ್ನೆಲ್ಲ ಸುಟ್ಟು ಕರಗಿಸಿ ನೀರಿನಂತೆ ಮಾಡುವುದೇ ಈ ಪೂರ್ವಸಿದ್ಧತೆ. ನಾವು ಉಂಡ ಅನ್ನ ಜಠರದಲ್ಲಿ ಕರಗುವಂತೆ ಇದು ನಡೆಯುವುದರಿಂದ ಇದನ್ನು ಜೀರ್ಣಗೊಳಿಸುವುದೆಂದೇ ಕರೆಯುತ್ತಾರೆ.

ಹಳೆಯ ಕ್ರಮದಲ್ಲಿ ತೆರೆದ ಗಾಜಿನ ಪಾತ್ರೆಯಲ್ಲಿ ನೈಟ್ರಿಕ್ ಮತ್ತು ಪರ್‌ಕ್ಲೋರಿಕ್ ಆಮ್ಲಗಳನ್ನು ಬೆರೆಸಿ, ಬಿಸಿ ತಟ್ಟೆಯ ಮೇಲೆ ಗಂಟೆಗಟ್ಟಲೆ ಕಾಯಿಸುತ್ತಾರೆ. ಇದು ಇಂದಿಗೂ ಅನೇಕ ಕಡೆ ರೂಢಿಯಲ್ಲಿದೆ. ಎಚ್ಚರದಿಂದ ಮಾಡಿದರೆ ತಪ್ಪೇನೂ ಇಲ್ಲ. ಆದರೆ ಪರ್‌ಕ್ಲೋರಿಕ್ ಆಮ್ಲ ಜೀವದ್ರವ್ಯದೊಡನೆ ಕಾದು ಬತ್ತಿದರೆ ಸಿಡಿಯುವ ಸ್ವಭಾವದ್ದು. ತೆರೆದ ಪಾತ್ರೆಗೆ ಕೋಣೆಯ ಧೂಳು ಬೀಳುತ್ತದೆ. ಬೋರಾನ್, ಆರ್ಸೆನಿಕ್‌ಗಳಂಥವು ಆವಿಯೊಡನೆ ಹಾರಿಹೋಗಬಹುದು. ಪ್ರಯೋಗಾಲಯದ ಸಾಮಾನ್ಯ ಗಾಜಿನಲ್ಲೇ ಬೋರಾನ್ ಇರುವುದರಿಂದ ಅದು ಪಾತ್ರೆಯಿಂದ ದ್ರಾವಣಕ್ಕೆ ಸೇರುವುದೂ ಉಂಟು.

ಅಮೆರಿಕದ ಮಿಸ್ಸೂರಿ ವಿಶ್ವವಿದ್ಯಾಲಯದ ಸಂಶೋಧಕರು 1975ರಲ್ಲಿ ಮೈಕ್ರೋವೇವ್ ಒಲೆಯೊಳಗೆ ಆಮ್ಲದ ಪಾತ್ರೆಯನ್ನಿಟ್ಟು ಈ ಕೆಲಸವನ್ನು ಬೇಗ ಮುಗಿಸಬಹುದೆಂದು ಪ್ರಕಟಿಸಿದರು. 1980ರ ದಶಕದಲ್ಲಿ ಪ್ರಯೋಗಾಲಯಕ್ಕೆಂದೇ ತಯಾರಾದ ಯಂತ್ರಗಳೂ ಮುಚ್ಚಿದ ಪಾತ್ರೆಗಳೂ ಬಂದವು. ಇದರ ಮರ್ಮ ಸರಳವಾದುದು. ನೈಟ್ರಿಕ್ ಆಮ್ಲ ತೆರೆದ ಪಾತ್ರೆಯಲ್ಲಿ ಸುಮಾರು 120 ಡಿಗ್ರಿ ಸೆಲ್ಸಿಯಸ್‌ಗೆ ಕುದಿಯುತ್ತದೆ, ಅದಕ್ಕಿಂತ ಮೇಲೇರದು. ಬಿಗಿಯಾಗಿ ಮುಚ್ಚಿದ ಟೆಫ್ಲಾನ್ ಪಾತ್ರೆಯಲ್ಲಿ, ನಮ್ಮ ಮನೆಯ ಪ್ರೆಶರ್ ಕುಕ್ಕರಿನಲ್ಲಿ ನೀರು ನೂರು ಡಿಗ್ರಿ ದಾಟುವಂತೆ, ಅದೇ ಆಮ್ಲ 180 ಡಿಗ್ರಿಯನ್ನೂ ದಾಟಬಲ್ಲದು. ಆ ಶಾಖದಲ್ಲಿ ನೈಟ್ರಿಕ್ ಆಮ್ಲವೊಂದೇ ಎಲೆಯನ್ನು ಕರಗಿಸುತ್ತದೆ. ಕೆಲವರು ಸ್ವಲ್ಪ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸುತ್ತಾರೆ. ಪರ್‌ಕ್ಲೋರಿಕ್‌ನ ಅಪಾಯವಿಲ್ಲ, ಧೂಳಿಲ್ಲ, ಹಾರಿಹೋಗುವ ಭಯ ಕಡಿಮೆ. ತಣಿಯುವ ಸಮಯವೂ ಸೇರಿ ಒಂದೆರಡು ಗಂಟೆಯೊಳಗೆ ಒಂದು ಸುತ್ತು ಮುಗಿಯುತ್ತದೆ.

ಇಷ್ಟು ಒಳ್ಳೆಯ ಯಂತ್ರವನ್ನು ನಾನೇಕೆ ಬೇಡವೆನ್ನಲಿ? ಆದರೆ ಅದು ಕರಗಿಸುವುದು ಕೇವಲ ಅರ್ಧ ಗ್ರಾಮಿನಷ್ಟು ಪುಡಿಯನ್ನು. ಹೆಚ್ಚು ಹಾಕಿದರೆ ಏಳುವ ಅನಿಲದಿಂದ ಒತ್ತಡ ಮಿತಿಮೀರಿ, ಪಾತ್ರೆಯ ಕವಾಟ ಬಿಟ್ಟುಕೊಂಡು ಮಾದರಿಯೇ ಹಾಳಾಗುತ್ತದೆ. ನಮ್ಮ ಗಮನವೆಲ್ಲ ನಿಲ್ಲಬೇಕಾದುದು ಈ ಅರ್ಧ ಗ್ರಾಮಿನ ಮೇಲೆ.

ಅರ್ಧ ಗ್ರಾಮಿನ ಸಾಕ್ಷಿ

ಒಂದು ಎಕರೆಯ ಮೇಲ್ಮಣ್ಣು, ಆರು ಅಂಗುಲ ಆಳದವರೆಗೆ, ಸುಮಾರು 9 ಲಕ್ಷ ಕಿಲೋ ತೂಗುತ್ತದೆ. ಅದರ ಪರವಾಗಿ ಸಾಕ್ಷಿ ನುಡಿಯುವುದು ಅರ್ಧ ಗ್ರಾಂ. ಅಂದರೆ 180 ಕೋಟಿಯಲ್ಲಿ ಒಂದು ಪಾಲು. ಆ ಒಂದು ಪಾಲನ್ನು ಗೊಬ್ಬರದ ಗುಂಡಿಯ ಪಕ್ಕದಿಂದಲೋ, ಬಸಿಗಾಲುವೆಯ ಅಂಚಿನಿಂದಲೋ ತೆಗೆದರೆ ಯಂತ್ರ ಆ ಗುಂಡಿಯ, ಆ ಕಾಲುವೆಯ ಜಾತಕ ಹೇಳೀತೇ ಹೊರತು ತೋಟದ್ದನ್ನಲ್ಲ.

ಧೂಳಿನ ಲೆಕ್ಕವನ್ನು ನೋಡಿ. ನಮ್ಮ ಕೆಂಪು ಜಂಬಿಟ್ಟಿಗೆ ಮಣ್ಣಿನಲ್ಲಿ ನೂರಕ್ಕೆ 5 ಪಾಲು ಕಬ್ಬಿಣವಿದೆ ಎಂದು ಇಟ್ಟುಕೊಳ್ಳೋಣ. ರಸ್ತೆ ಬದಿಯ ಗಿಡದ ಎಲೆಯನ್ನು ತೊಳೆಯದೆ ಪುಡಿ ಮಾಡಿದಾಗ, ಒಂದು ಗ್ರಾಂ ಪುಡಿಯಲ್ಲಿ ನೂರರಲ್ಲೊಂದು ಪಾಲು ಮಣ್ಣು ಸೇರಿತೆನ್ನಿ. ಅಷ್ಟರಿಂದಲೇ ವರದಿಯಲ್ಲಿ ಕಬ್ಬಿಣ 500 ಪಿ.ಪಿ.ಎಂ. ಏರುತ್ತದೆ. ಎಲೆಯೊಳಗೆ ನಿಜವಾಗಿ ಇರುವುದು ಅದಕ್ಕಿಂತ ಎಷ್ಟೋ ಕಡಿಮೆ ಇರಬಹುದು.

ಇನ್ನು ಬೋರ್ಡೋ ಮಿಶ್ರಣ. ಲೆಸ್ಲಿ ಕೋಲ್ಮನ್ ಅವರು ಮೈಸೂರು ಸಂಸ್ಥಾನದಲ್ಲಿ ಅಡಿಕೆಯ ಕೊಳೆರೋಗಕ್ಕೆ ಈ ಔಷಧಿಯನ್ನು ಬಳಕೆಗೆ ತಂದು ನೂರು ವರ್ಷ ದಾಟಿತು. ಮಳೆಗೆ ತೊಳೆದುಹೋಗದೆ ಅಂಟಿಕೊಂಡಿರುವುದೇ ಅದರ ಗುಣ. ಒಂದು ಕಿಲೋ ಮೈಲುತುತ್ತಿನಲ್ಲಿ ಸುಮಾರು 250 ಗ್ರಾಂ ತಾಮ್ರವಿದೆ. ಶೇಕಡಾ 1ರ ಮಿಶ್ರಣದ ಒಂದೇ ಹನಿ ಎಲೆಯ ಮೇಲೆ ಒಣಗಿ ಕುಳಿತರೆ, ಒಂದು ಗ್ರಾಂ ಒಣ ಎಲೆಯೊಳಗೆ ಸಹಜವಾಗಿರುವ ತಾಮ್ರದ ಹತ್ತು ಹನ್ನೆರಡು ಪಟ್ಟು ತಾಮ್ರ ಆ ಹನಿಯಲ್ಲೇ ಇರುತ್ತದೆ. ಸಿಂಪಡಣೆಯಾದ ಮೇಲೆ ತೆಗೆದ ಎಲೆಯ ವರದಿಯಲ್ಲಿ ತಾಮ್ರದ ಅಂಕಿಯನ್ನು ಓದುವುದೇ ವ್ಯರ್ಥ. ಎಲೆ ತೆಗೆಯುವುದಾದರೆ ಸಿಂಪಡಣೆಗೆ ಮೊದಲೇ ತೆಗೆಯಬೇಕು.

ಇಂಥ ತಪ್ಪುಗಳನ್ನು ಯಾವ ಯಂತ್ರವೂ ತಿದ್ದಲಾರದು. ಮೈಕ್ರೋವೇವ್ ಯಂತ್ರ ಅತ್ಯಂತ ನಿಷ್ಠೆಯಿಂದ ಎಲೆಯ ಜೊತೆಗೆ ಧೂಳನ್ನೂ, ಮೈಲುತುತ್ತನ್ನೂ, ಜಿಂಕ್ ಶೀಟಿನ ಬಿಳಿಯ ಪುಡಿಯನ್ನೂ ಕರಗಿಸಿಕೊಡುತ್ತದೆ. ಯಂತ್ರ ಉತ್ತಮವಾದಷ್ಟೂ ನಮ್ಮ ಅಜಾಗರೂಕತೆ ಹೆಚ್ಚು ಕರಾರುವಾಕ್ಕಾಗಿ ಅಂಕಿಯಾಗಿ ಬರುತ್ತದೆ, ಅಷ್ಟೇ.

ಮಣ್ಣಿಗೆ ಇದು ಬೇಕೆ?

ಇನ್ನೊಂದು ತಪ್ಪು ಕಲ್ಪನೆಯನ್ನೂ ಇಲ್ಲಿ ನಿವಾರಿಸಬೇಕು. ಮೈಕ್ರೋವೇವ್ ಬಂದರೆ ಮಣ್ಣಿನ ಪರೀಕ್ಷೆಯೂ ಅದರಲ್ಲೇ ಆಗಿಬಿಡುತ್ತದೆಂದು ಹಲವರು ಭಾವಿಸಿದ್ದಾರೆ. ಎಲೆಯಲ್ಲಿ ನಮಗೆ ಬೇಕಾದುದು ಒಟ್ಟು ಎಷ್ಟಿದೆ ಎಂಬುದು. ಅದಕ್ಕೆ ಈ ವಿಧಾನ ತಕ್ಕುದು. ಮಣ್ಣಿನಲ್ಲಿ ಗೊಬ್ಬರದ ನಿರ್ಧಾರಕ್ಕೆ ಬೇಕಾದುದು ಬೇರಿಗೆ ಎಷ್ಟು ಸಿಗುತ್ತದೆ ಎಂಬುದು. ಇವೆರಡೂ ಬೇರೆ ಬೇರೆ. ಬ್ಯಾಂಕಿನಲ್ಲಿ ಒತ್ತೆಯಿಟ್ಟ ಚಿನ್ನಕ್ಕೂ ಜೇಬಿನಲ್ಲಿರುವ ನೋಟಿಗೂ ಇರುವ ವ್ಯತ್ಯಾಸ ಅದು.

ಮಣ್ಣಿನಲ್ಲಿ ಒಟ್ಟು ಸತು ಹತ್ತಾರು ಪಿ.ಪಿ.ಎಂ. ಇದ್ದರೂ ಬಹುಪಾಲು ಕಲ್ಲಿನ ಕಣಗಳೊಳಗೆ ಸೆರೆಯಾಗಿರುತ್ತದೆ. ಬೇರಿಗೆ ದೊರಕುವ ಸತುವನ್ನು ಡಿ.ಟಿ.ಪಿ.ಎ. ಎಂಬ ಸೌಮ್ಯ ದ್ರಾವಣದಿಂದ ಹಿಂಡಿ ತೆಗೆದು ಅಳೆಯುತ್ತಾರೆ. ಅದು ಸುಮಾರು 0.6 ಪಿ.ಪಿ.ಎಂ.ಗಿಂತ ಕಡಿಮೆಯಾದರೆ ಕೊರತೆಯೆಂದು ಎಣಿಸುವುದು ನಮ್ಮ ದೇಶದ ರೂಢಿ. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಕಾರ್ಡಿನಲ್ಲಿ ಬರುವ ಲಘು ಪೋಷಕಾಂಶಗಳ ಅಂಕಿಗಳೂ ಈ ಬಗೆಯವೇ. ಅದೇ ಮಣ್ಣನ್ನು ಮೈಕ್ರೋವೇವ್‌ನಲ್ಲಿ ಕುದಿಸಿದ ವರದಿಯೊಂದನ್ನು ತಂದು ಕಾರ್ಡಿನ ಪಕ್ಕದಲ್ಲಿಟ್ಟು ಹೋಲಿಸಿದರೆ, ಸತು ಯಥೇಚ್ಛವಾಗಿದೆ ಎಂದು ಭ್ರಮಿಸಿ ನಾನು ಮಾಡಿದ ತಪ್ಪನ್ನೇ ಇನ್ನೊಬ್ಬರು ಮಾಡಿಯಾರು.

ನೈಟ್ರಿಕ್ ಆಮ್ಲವೊಂದರಿಂದ ಮಣ್ಣು ಪೂರ್ತಿ ಕರಗುವುದೂ ಇಲ್ಲ. ಮರಳಿನ ಕಣ ತಳದಲ್ಲಿ ಉಳಿಯುತ್ತದೆ. ಅದನ್ನೂ ಕರಗಿಸಬೇಕಾದರೆ ಹೈಡ್ರೋಫ್ಲೋರಿಕ್ ಆಮ್ಲ ಬೇಕು. ಅದು ಚರ್ಮವನ್ನು ದಾಟಿ ಮೂಳೆಯವರೆಗೂ ಇಳಿಯುವ ಘೋರವಾದ ದ್ರವ. ಮಣ್ಣಿಗೆ ಈ ವಿಧಾನದ ನಿಜವಾದ ಉಪಯೋಗವಿರುವುದು ಬೇರೆ ಪ್ರಶ್ನೆಗೆ: ದಶಕಗಳ ಕಾಲ ಬೋರ್ಡೋ ಸುರಿದ ತೋಟದಲ್ಲಿ ತಾಮ್ರ ಎಷ್ಟು ಶೇಖರವಾಗಿದೆ, ಪಟ್ಟಣದ ಕಸದ ಗೊಬ್ಬರದೊಡನೆ ಸೀಸವೋ ಕ್ಯಾಡ್ಮಿಯಮ್ಮೋ ಬಂದಿದೆಯೇ ಎಂದು ನೋಡುವುದಕ್ಕೆ. ಇದು ಮುಖ್ಯವಾದ ಪ್ರಶ್ನೆಯೇ ಆದರೂ ಪ್ರತಿವರ್ಷ, ಪ್ರತಿ ತೋಟಕ್ಕೆ ಕೇಳಬೇಕಾದುದಲ್ಲ.

ಸಾರಜನಕದ ವಿಷಯವೂ ಹಾಗೆಯೇ. ನೈಟ್ರಿಕ್ ಆಮ್ಲದಲ್ಲೇ ಸಾರಜನಕವಿರುವಾಗ ಅದರಲ್ಲಿ ಕರಗಿಸಿದ ಎಲೆಯ ಸಾರಜನಕವನ್ನು ಅಳೆಯುವುದೆಂತು? ಅದಕ್ಕೆ 1883ರಷ್ಟು ಹಿಂದೆ ಡೆನ್ಮಾರ್ಕಿನ ಕೆಲ್‌ಡಾಲ್ ಕಂಡುಹಿಡಿದ ವಿಧಾನವನ್ನೋ ಬೇರೆ ಯಂತ್ರವನ್ನೋ ಆಶ್ರಯಿಸಬೇಕು. ನಾವು ಅತಿ ಹೆಚ್ಚು ಕೊಂಡು ಹಾಕುವ ಗೊಬ್ಬರದ ಬಗ್ಗೆ ಈ ಯಂತ್ರ ಮೌನವಾಗಿರುತ್ತದೆ ಎಂಬುದನ್ನು ಸದಸ್ಯರು ಮರೆಯಬಾರದು.

ಸಂಘ ಏನು ಮಾಡಬೇಕು

ಯಂತ್ರವನ್ನು ಕೊಂಡರೆ ಖರ್ಚು ಅಲ್ಲಿಗೆ ಮುಗಿಯುವುದಿಲ್ಲ. ಹೊಗೆ ಹೀರುವ ಕಪಾಟು, ಅತಿ ಶುದ್ಧವಾದ ಆಮ್ಲ ಮತ್ತು ನೀರು, ಕಾಲಕಾಲಕ್ಕೆ ಬದಲಿಸಬೇಕಾದ ಪಾತ್ರೆಗಳು, ದ್ರಾವಣವನ್ನು ಅಳೆಯುವ ಇನ್ನೂ ದುಬಾರಿಯಾದ ಮತ್ತೊಂದು ಯಂತ್ರ, ಉಳಿದ ಆಮ್ಲವನ್ನು ಹಳ್ಳಕ್ಕೆ ಬಿಡದೆ ವಿಲೇವಾರಿ ಮಾಡುವ ವ್ಯವಸ್ಥೆ, ಇವೆಲ್ಲಕ್ಕಿಂತ ಮಿಗಿಲಾಗಿ ನುರಿತ ರಸಾಯನಶಾಸ್ತ್ರಜ್ಞ ಬೇಕು. ಅಡುಗೆಮನೆಯ ಮೈಕ್ರೋವೇವ್‌ನಲ್ಲಿ ನಾವೇ ಮಾಡಿಬಿಡೋಣ ಎಂದು ಒಬ್ಬ ಯುವಮಿತ್ರರು ಸಭೆಯಲ್ಲಿ ಹೇಳಿದರು. ಅದು ಪ್ರಾಣಕ್ಕೆ ಎರವಾಗುವ ಕೆಲಸ, ಯಾರೂ ಯತ್ನಿಸಕೂಡದು. ಬಾಲೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರ, ಅಡಿಕೆಗಾಗಿ ವಿಟ್ಲದ ಕೇಂದ್ರ, ಕೃಷಿ ವಿಶ್ವವಿದ್ಯಾಲಯಗಳು ನಮ್ಮ ಸೀಮೆಯಲ್ಲೇ ಇರುವಾಗ, ಸಣ್ಣ ಬೆಳೆಗಾರರ ಸಂಘ ಇದನ್ನೆಲ್ಲ ಹೊತ್ತುಕೊಳ್ಳುವುದು ಆನೆ ಸಾಕಿದಂತೆ.

ಅದರ ಬದಲು ಪರೀಕ್ಷೆಯ ಮೊದಲರ್ಧವನ್ನು, ತೋಟದಿಂದ ಪ್ರಯೋಗಾಲಯದ ಬಾಗಿಲವರೆಗಿನ ಕೆಲಸವನ್ನು, ಸಂಘ ತನ್ನ ಕೈಗೆ ತೆಗೆದುಕೊಳ್ಳಲಿ. ಇದು ನನ್ನ ಮುಖ್ಯ ಸಲಹೆ.

ಪ್ರತಿ ವಲಯದಲ್ಲಿ ಇಬ್ಬರಿಗೆ ಮಾದರಿ ತೆಗೆಯುವ ತರಬೇತಿ ಕೊಡಿಸಬೇಕು. ಕಾಫಿಯಲ್ಲಿ ಫಲ ಹಿಡಿಯುವ ರೆಂಬೆಯ ತುದಿಯಿಂದ ಮೂರನೆಯ ಇಲ್ಲವೆ ನಾಲ್ಕನೆಯ ಜೋಡಿ ಎಲೆ, ಅಡಿಕೆಯಲ್ಲಿ ಪ್ರಯೋಗಾಲಯ ಸೂಚಿಸಿದ ಸೋಗೆಯ ನಡುಭಾಗದ ಗರಿ, ಹೀಗೆ ಒಂದೇ ಕ್ರಮ ಎಲ್ಲರಿಗೂ ಇರಬೇಕು. ಒಂದೆರಡು ಗಿಡದಿಂದಲ್ಲ, ತೋಟದುದ್ದಕ್ಕೂ ಅಡ್ಡಾಡಿ ಹಲವಾರು ಗಿಡಗಳಿಂದ ತೆಗೆಯಬೇಕು. ರೋಗದ ಗಿಡದ್ದನ್ನೂ ಆರೋಗ್ಯದ ಗಿಡದ್ದನ್ನೂ ಬೆರೆಸಬಾರದು. ಮಣ್ಣಾದರೆ ದರಗನ್ನು ಸರಿಸಿ, ಗೊಬ್ಬರ ಹಾಕಿ ಎರಡು ಮೂರು ತಿಂಗಳಾದ ಮೇಲೆ, ಒಂದೇ ಆಳದಿಂದ ಹತ್ತಾರು ಕಡೆ ತೆಗೆದು, ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಬೆರೆಸಿ, ನಾಲ್ಕು ಪಾಲು ಮಾಡಿ ಎದುರುಬದುರಿನ ಎರಡನ್ನು ಬಿಡುತ್ತ ಅರ್ಧ ಕಿಲೋಗೆ ಇಳಿಸಬೇಕು.

ಸಂಘದ ಕಟ್ಟಡದಲ್ಲಿ ಮಾದರಿಗೆಂದೇ ಒಂದು ಕೊಠಡಿ ಇರಲಿ. ದಯವಿಟ್ಟು ಅದು ಗೊಬ್ಬರದ ಗೋದಾಮಿನ ಮೂಲೆಯಾಗದಿರಲಿ; ಅಲ್ಲಿಯ ಗಾಳಿಯಲ್ಲೇ ಪೊಟ್ಯಾಷ್ ಹಾರಾಡುತ್ತಿರುತ್ತದೆ. ಎಲೆಯನ್ನು ಶುದ್ಧ ನೀರಿನಲ್ಲಿ ಒಂದು ನಿಮಿಷದೊಳಗೆ ತೊಳೆದು ತೆಗೆದು, 65ರಿಂದ 70 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ತೂಕ ಸ್ಥಿರವಾಗುವವರೆಗೆ ಒಣಗಿಸುವ ಪೆಟ್ಟಿಗೆ, ತುಕ್ಕುಹಿಡಿಯದ ಉಕ್ಕಿನ ಅರೆಯುವ ಯಂತ್ರ, ಮಣ್ಣಿಗೆ ಮರದ ಕೊಡತಿ ಮತ್ತು 2 ಮಿಲಿಮೀಟರ್ ಜರಡಿ, ಇಷ್ಟಿದ್ದರೆ ಆರಂಭಕ್ಕೆ ಸಾಕು. ಒಂದು ಮಾದರಿ ಅರೆದ ಮೇಲೆ ಯಂತ್ರವನ್ನು ಶುಚಿಮಾಡದೆ ಇನ್ನೊಂದನ್ನು ಹಾಕಬಾರದು. ಪುಡಿ ನುಣ್ಣಗಿದ್ದರೆ ಮಾತ್ರ ಅರ್ಧ ಗ್ರಾಂ ಇಡೀ ಪೊಟ್ಟಣವನ್ನು ಪ್ರತಿನಿಧಿಸುತ್ತದೆ.

ವರದಿ ತಡವಾಗಿ ಬರುತ್ತದೆ, ಅಷ್ಟರಲ್ಲಿ ಗೊಬ್ಬರದ ಹದ ಮೀರಿರುತ್ತದೆ ಎಂಬ ದೂರು ಸುಳ್ಳಲ್ಲ. ಆದರೆ ಹಸಿ ಎಲೆ ಚೀಲದಲ್ಲಿ ಬಿಸಿಯಾಗಿ ಕೊಳೆಯುತ್ತದೆ. ಒಣಗಿದ ಪುಡಿ ತಿಂಗಳುಗಟ್ಟಲೆ ಕೆಡದೆ ನಿಲ್ಲುತ್ತದೆ. ನಮ್ಮಲ್ಲೇ ಒಣಗಿಸಿ ಪುಡಿಮಾಡುವುದಾದರೆ ಹದವರಿತು ಮುಂಚಿತವಾಗಿಯೇ ಎಲೆ ತೆಗೆದಿಟ್ಟು, ನೂರಾರು ಸದಸ್ಯರ ಮಾದರಿಗಳನ್ನು ಒಟ್ಟಿಗೆ ಕಳಿಸಬಹುದು. ಒಟ್ಟಿಗೆ ಹೋದರೆ ದರವನ್ನೂ ಅವಧಿಯನ್ನೂ ಕುರಿತು ಮಾತನಾಡುವ ಬಲ ಸಂಘಕ್ಕೆ ಬರುತ್ತದೆ. ಸಹಕಾರವೆಂದರೆ ಅದೇ ಅಲ್ಲವೇ?

ಹಾಗೆ ಮಾತನಾಡುವಾಗ ಪ್ರಯೋಗಾಲಯದವರಲ್ಲಿ ನಾವು ಕೇಳಬೇಕಾದುದೂ ಉಂಟು. ಯಾವ ಆಮ್ಲದಲ್ಲಿ, ಎಷ್ಟು ಶಾಖದಲ್ಲಿ ಕರಗಿಸಿದರು, ಮಣ್ಣಿನ ಅಂಕಿ ಒಟ್ಟಿನದೋ ಬೇರಿಗೆ ಸಿಗುವುದೋ ಎಂಬುದು ವರದಿಯಲ್ಲಿ ಬರೆದಿರಬೇಕು. ಪ್ರತಿ ಸುತ್ತಿನಲ್ಲೂ ಮಾದರಿ ಹಾಕದ ಬರಿಯ ಆಮ್ಲದ ಪಾತ್ರೆಯೊಂದನ್ನು ಜೊತೆಗಿಟ್ಟು ಅದರ ಅಂಕಿಯನ್ನು ಕಳೆಯಬೇಕು. ಅರ್ಧ ಗ್ರಾಂ ಪುಡಿಯನ್ನು ಕರಗಿಸಿ 50 ಮಿಲಿಲೀಟರಿಗೆ ತಂದರೆ ನೂರು ಪಟ್ಟು ತೆಳುವಾಗುತ್ತದೆ. ಆಮ್ಲದಲ್ಲಿದ್ದ ಸಣ್ಣ ಕಲ್ಮಷ ಲೆಕ್ಕದಲ್ಲಿ ನೂರು ಪಟ್ಟಾಗಿ ಹಿಂತಿರುಗುತ್ತದೆ. ಅಮೆರಿಕದ ಮಾನಕ ಸಂಸ್ಥೆ ಮಾರುವ ಸೇಬಿನ ಎಲೆಯ ಪುಡಿಯಂಥ, ಅಂಶಗಳೆಲ್ಲ ಮೊದಲೇ ಗೊತ್ತಿರುವ ಪುಡಿಯೊಂದನ್ನೂ ಜೊತೆಗೆ ಕರಗಿಸಿ, ಉತ್ತರ ಸರಿಬಂತೇ ಎಂದು ಅವರು ನೋಡಬೇಕು. ನಾವೂ ಒಂದೇ ಪುಡಿಯನ್ನು ಎರಡು ಪೊಟ್ಟಣ ಮಾಡಿ ಎರಡು ನಂಬರು ಕೊಟ್ಟು ಕಳಿಸೋಣ. ಎರಡೂ ವರದಿ ಹತ್ತಿರ ಹತ್ತಿರ ಬಂದರೆ ಸಂತೋಷ; ಬಾರದಿದ್ದರೆ ವಿನಯದಿಂದಲೇ ಕಾರಣ ಕೇಳೋಣ. ಒಳ್ಳೆಯ ಪ್ರಯೋಗಾಲಯದವರು ಇದಕ್ಕೆ ಬೇಸರಿಸರು.

ಎರಡನೆಯ ಬಾರಿ ನಾನು ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಎಲೆಯನ್ನು ಅದ್ದಿ ತೆಗೆದು, ನೆರಳಿನಲ್ಲಿ ಬಿಳಿಯ ಕಾಗದದ ಮೇಲೆ ಆರಿಸಿ ಕಳಿಸಿದೆ. ಅದೇ ಪ್ರಯೋಗಾಲಯ, ಅದೇ ಯಂತ್ರ. ಸತು ಕೊರತೆಯೆಂದೂ ಪೊಟ್ಯಾಷ್ ಸಾಕಷ್ಟಿದೆಯೆಂದೂ ಬಂತು. ಸಿಂಪಡಣೆ ಮತ್ತೆ ಶುರುಮಾಡಿದೆ, ಗಿಡ ಚೇತರಿಸಿಕೊಂಡಿತು. ಹೋದ ಎರಡು ವರ್ಷದ ಬೆಳೆ ಮಾತ್ರ ಹಿಂತಿರುಗಲಿಲ್ಲ. ಕಡಿಮೆ ಜಮೀನಿನ ಬೆಳೆಗಾರನಿಗೆ ಎರಡು ವರ್ಷವೆಂದರೆ ಮಗಳ ಮದುವೆಯೋ ಮಗನ ಓದೋ ಮುಂದಕ್ಕೆ ಹೋದಂತೆ.

ಬರುವ ಮಹಾಸಭೆಯಲ್ಲಿ ಪ್ರಯೋಗಾಲಯದ ಠರಾವು ಚರ್ಚೆಗೆ ಬಂದಾಗ ಸದಸ್ಯ ಬಾಂಧವರು ಈ ಮಾತುಗಳನ್ನು ನೆನಪಿಗೆ ತಂದುಕೊಳ್ಳಬೇಕೆಂದು ಕೋರುತ್ತೇನೆ. ಯಂತ್ರದ ಕಾಲ ಮುಂದೆ ಬಂದರೆ ಬರಲಿ. ಸದ್ಯಕ್ಕೆ ಸಂಘ ಒಂದು ಶುಚಿಯಾದ ಕೊಠಡಿಯನ್ನೂ ಶುಚಿಯಾದ ಕೈಗಳನ್ನೂ ಸಿದ್ಧಪಡಿಸಲಿ.

— ಒಬ್ಬ ಸದಸ್ಯ